ಕಸ್ತೂರಿ, ಪುನುಗು, ಜವಾದಿ: ಪ್ರಾಣಿಜನ್ಯ ಗಂಧದ್ರವ್ಯಗಳೂ ಶ್ರಾವಕಾಚಾರವೂ

ಭಾರತೀಯ ಶಾಸ್ತ್ರಪರಂಪರೆಯಲ್ಲಿ ಗಂಧಯುಕ್ತಿಯು ಒಂದು ಸ್ವತಂತ್ರ ವಿದ್ಯೆಯೆಂದು ಪರಿಗಣಿತವಾಗಿದೆ. ಶ್ವೇತಾಂಬರ ಆಗಮಗಳಲ್ಲಿ ಬರುವ 72 ಕಲೆಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ವರಾಹಮಿಹಿರನು ಆರನೆಯ ಶತಮಾನದಲ್ಲಿ ರಚಿಸಿದ ಬೃಹತ್ಸಂಹಿತೆಯಲ್ಲಿ ಇದಕ್ಕೊಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ಸೂಪಶಾಸ್ತ್ರ, ವೃಕ್ಷಾಯುರ್ವೇದ, ವಿಷವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಯನ್ನೂ ನಿರೂಪಿಸುತ್ತದೆ. ಗಂಗಾಧರನ ಗಂಧಸಾರವು ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನಗಳೆಂಬ ಆರು ಸಂಸ್ಕಾರಗಳನ್ನು ಹೇಳುತ್ತದೆ. ಗಂಧಶಾಸ್ತ್ರದ ಹಸ್ತಪ್ರತಿಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದವರು ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ಪಿ. ಕೆ. ಗೋಡೆಯವರು.

ಈ ಗ್ರಂಥಗಳಲ್ಲಿ ಬರುವ ದ್ರವ್ಯಗಳಲ್ಲಿ ಬಹುಪಾಲು ಸಸ್ಯಜನ್ಯವಾದವು. ಶ್ರೀಗಂಧ, ಅಗರು, ಕರ್ಪೂರ, ಕೇಸರಿ, ಏಲಕ್ಕಿ, ಲವಂಗ, ಜಾಯಿಕಾಯಿ, ಲಾವಂಚ ಮುಂತಾದುವುಗಳ ವಿಷಯದಲ್ಲಿ ಶ್ರಾವಕನಿಗೆ ವಿಶೇಷ ಶಂಕೆಯಿಲ್ಲ. ಪ್ರಾಣಿಗಳ ಗಂಧಗ್ರಂಥಿಯಿಂದ ದೊರೆಯುವ ಕಸ್ತೂರಿ, ಪುನುಗು, ಜವಾದಿಗಳ ವಿಷಯದಲ್ಲಿ ಹಾಗೆ ಹೇಳಲಾಗದು. ಇವುಗಳನ್ನು ಹೇಗೆ ಪಡೆಯುತ್ತಿದ್ದರು, ಹೇಗೆ ಕಾಪಿಡುತ್ತಿದ್ದರು, ಶ್ರಾವಕಾಚಾರ ಗ್ರಂಥಗಳ ದೃಷ್ಟಿಯಲ್ಲಿ ಇವುಗಳ ಸ್ಥಾನವೇನು, ಇಂಥ ಯೋಗಗಳಿರುವ ಓಲೆಗರಿಗಳನ್ನು ಸಂಪಾದಿಸುವವರ ಹೊಣೆಯೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

1. ದೇಶ ಮತ್ತು ಮಾರ್ಗ

ನೇತ್ರಾವತಿಯ ದಡದ ಬಂಟ್ವಾಳ, ಚಾರ್ಮಾಡಿ ಘಟ್ಟದ ದಾರಿಯಲ್ಲಿರುವ ಬೆಳ್ತಂಗಡಿ, ಬಸದಿಗಳ ನಗರವಾದ ಮೂಡುಬಿದಿರೆ, ಈ ಮೂರೂ ತುಳುನಾಡಿನ ಜೈನ ಇತಿಹಾಸದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಸ್ಥಳಗಳು. ಘಟ್ಟದ ಮೇಲಿನ ಸರಕು ಮಂಗಳೂರಿನ ಬಂದರಿಗೆ ಇಳಿಯುವ ದಾರಿಯಲ್ಲಿ ಬಂಟ್ವಾಳವು ಮುಖ್ಯವಾದ ಪೇಟೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸೀಮೆಯ ಕಾಫಿಯೂ ಈ ದಾರಿಯಿಂದಲೇ ಸಾಗುತ್ತಿತ್ತು. ಬೆಳ್ತಂಗಡಿ ಸೀಮೆಯ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು 35 ಅಡಿಯ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ನಿರ್ಮಾಣವು 1430ರಷ್ಟು ಹಿಂದಿನದು. ಧವಲಾದಿ ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಕೀರ್ತಿಯೂ ಇಲ್ಲಿನ ಸಿದ್ಧಾಂತ ಬಸದಿಗೆ ಸಲ್ಲುತ್ತದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ, ಭಾರತೀಯ ಜ್ಞಾನಪೀಠವು 1948ರಲ್ಲಿ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು ಈ ಪ್ರದೇಶದ ಭಂಡಾರಗಳ ಸಂಪತ್ತನ್ನು ಹೊರಜಗತ್ತಿಗೆ ಪರಿಚಯಿಸಿತು.

ವಣಿಜರೂ ಬಸದಿಗಳೂ ಇದ್ದೆಡೆ ಗಂಧದ್ರವ್ಯಗಳ ಬಳಕೆಯೂ ಸಹಜವಾಗಿಯೇ ಇತ್ತು. ಅಭಿಷೇಕ, ಲೇಪನ, ತಾಂಬೂಲ, ಔಷಧ ಇವೆಲ್ಲಕ್ಕೂ ಗಂಧ ಬೇಕು. ಇಲ್ಲಿ ಒಂದು ಭೇದವನ್ನು ಮೊದಲೇ ಗಮನಿಸಬೇಕು. ಕಸ್ತೂರಿಮೃಗವು ಹಿಮಾಲಯದ ಪ್ರಾಣಿ. ಅದರ ಗಂಧವು ಅನೇಕ ಕೈಗಳನ್ನು ದಾಟಿ ತುಳುನಾಡಿಗೆ ಬರಬೇಕಾಗಿತ್ತು. ಪುನುಗಿನ ಬೆಕ್ಕು ಈ ನೆಲದಲ್ಲಿಯೇ ಬಾಳುವ ಪ್ರಾಣಿ. ಮಲಬಾರಿನ ದೊಡ್ಡ ಪುನುಗಿನ ಬೆಕ್ಕು ಹೊನ್ನಾವರದಿಂದ ಕನ್ಯಾಕುಮಾರಿಯವರೆಗಿನ ಕರಾವಳಿಯಲ್ಲಿ ಇತ್ತೆಂದು ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞನು 1867ರಲ್ಲಿ ಬರೆದಿದ್ದಾನೆ. ಅದಕ್ಕಿಂತ ಸಣ್ಣದಾದ, ಮೈಮೇಲೆ ಚುಕ್ಕೆಗಳೂ ಬಾಲದಲ್ಲಿ ಪಟ್ಟೆಗಳೂ ಇರುವ ಪುನುಗಿನ ಬೆಕ್ಕು ಇಂದಿಗೂ ಈ ಸೀಮೆಯ ಪೊದೆಗಳಲ್ಲಿ ಸಂಚರಿಸುತ್ತದೆ. ಅಂದರೆ ಕಸ್ತೂರಿಗೆ ತುಳುನಾಡು ಮಾರುಕಟ್ಟೆ ಮಾತ್ರ. ಪುನುಗಿಗೆ ಅದು ಆಕರವೂ ಹೌದು. ಈ ಭೇದದ ಮಹತ್ತ್ವವು ಮುಂದೆ ಸ್ಪಷ್ಟವಾಗುವುದು.

2. ಶಬ್ದವಿಚಾರ

ಪುನುಗು ಎಂಬುದು ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಶಬ್ದ. ತಮಿಳಿನಲ್ಲಿಯೂ ಇದೇ ರೂಪವಿದೆ. ಜವಾದಿ ಅಥವಾ ಜವಾಜಿ ಎಂಬುದು ಅರಬ್ಬಿಯ ಜಬಾದ್ ಶಬ್ದದಿಂದ ಬಂದುದು. ರಾಜನಿಘಂಟುವಿನಂಥ ಈಚಿನ ಸಂಸ್ಕೃತ ನಿಘಂಟುಗಳು ಇದನ್ನು ಸಂಸ್ಕೃತ ಶಬ್ದದಂತೆಯೇ ಸ್ವೀಕರಿಸಿವೆ. ಎರಡೂ ಶಬ್ದಗಳು ಒಂದೇ ಬಗೆಯ ದ್ರವ್ಯವನ್ನು ಸೂಚಿಸುತ್ತವೆಯಾದರೂ ಅವುಗಳ ದಾರಿ ಬೇರೆ. ಒಂದು ನೆಲದಲ್ಲಿ ಹುಟ್ಟಿದ ಮಾತು, ಇನ್ನೊಂದು ಹಡಗಿನಲ್ಲಿ ಬಂದ ಮಾತು. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಅರಬ್ಬರ ವ್ಯಾಪಾರವು ಎಷ್ಟು ಗಾಢವಾಗಿ ಬೇರೂರಿತ್ತೆಂಬುದಕ್ಕೆ ಈ ಶಬ್ದವೂ ಒಂದು ಸಾಕ್ಷಿ.

ಕಸ್ತೂರಿ ಶಬ್ದದ ವಿಷಯದಲ್ಲಿ ಪಾಠನಿರ್ಣಯದ ತೊಡಕೊಂದಿದೆ. ಓಲೆಗರಿಗಳಲ್ಲಿ ಪದಗಳ ನಡುವೆ ಎಡೆ ಬಿಡುವ ವಾಡಿಕೆ ಇಲ್ಲ. ಒಂದು ಯೋಗದಲ್ಲಿ ಕಸ್ತೂರಿ ಎಂಬುದರ ಹಿಂದೆಯೇ ಅರಿಶಿನ ಎಂದಿದ್ದರೆ ಅದನ್ನು ಎರಡು ದ್ರವ್ಯಗಳೆಂದೂ ಓದಬಹುದು, ಕಸ್ತೂರಿ ಅರಿಶಿನವೆಂಬ ಒಂದೇ ಗೆಡ್ಡೆಯೆಂದೂ ಓದಬಹುದು. ಹಾಗೆಯೇ ಲತಾಕಸ್ತೂರಿಯು ಬೆಂಡೆಯ ಜಾತಿಗೆ ಸೇರಿದ ಗಿಡದ ಬೀಜ. ಛಂದಸ್ಸಿನ ಅನುಕೂಲಕ್ಕಾಗಿಯೋ ಲಿಪಿಕಾರನ ಪ್ರಮಾದದಿಂದಲೋ ಲತಾ ಎಂಬ ವಿಶೇಷಣವು ಬಿಟ್ಟುಹೋದರೆ ಸಸ್ಯಬೀಜವು ಮೃಗನಾಭಿಯಾಗಿಬಿಡುತ್ತದೆ. ಒಂದು ಪದಚ್ಛೇದದ ತಪ್ಪಿನಿಂದ ನಿರವದ್ಯವಾದ ಯೋಗವು ಸಾವದ್ಯವೆನಿಸಿಕೊಳ್ಳುತ್ತದೆ. ಅದನ್ನು ಬರೆದ ಗ್ರಂಥಕಾರನಿಗೆ ಅಪವಾದವೂ ತಟ್ಟುತ್ತದೆ. ಆದುದರಿಂದ ಇಂಥ ಎಡೆಗಳಲ್ಲಿ ದ್ರವ್ಯದ ಪ್ರಮಾಣ, ಅದನ್ನು ಅರೆಯುವ ಅಥವಾ ಕುಟ್ಟುವ ಕ್ರಮ, ಅದನ್ನು ಸೇರಿಸುವ ಘಟ್ಟ ಇವುಗಳನ್ನು ನೋಡಿಯೇ ನಿರ್ಣಯಿಸಬೇಕು. ಬೀಜವನ್ನೂ ಗೆಡ್ಡೆಯನ್ನೂ ಕುಟ್ಟಿ ಚೂರ್ಣ ಮಾಡಬೇಕಾಗುತ್ತದೆ. ಮೃಗಕಸ್ತೂರಿಯನ್ನಾದರೋ ಅತ್ಯಲ್ಪ ಪ್ರಮಾಣದಲ್ಲಿ, ಬಹುಮಟ್ಟಿಗೆ ಕೊನೆಯಲ್ಲಿ, ಬೋಧಸಂಸ್ಕಾರಕ್ಕಾಗಿ ಕೂಡಿಸುತ್ತಾರೆ.

3. ಸಂಗ್ರಹ ಮತ್ತು ಸಂರಕ್ಷಣೆ

ಮೃಗನಾಭಿ ಎಂಬ ಹೆಸರಿದ್ದರೂ ಕಸ್ತೂರಿಯ ಗ್ರಂಥಿಯು ನಾಭಿಯಲ್ಲ. ಅದು ಗಂಡುಮೃಗದ ಹೊಕ್ಕುಳಿಗೂ ಜನನೇಂದ್ರಿಯಕ್ಕೂ ನಡುವೆ ಇರುವ ಚೀಲ. ಮೃಗವನ್ನು ಕೊಂದು, ಚೀಲವನ್ನು ಕೂದಲುಸಹಿತವಾಗಿ ಕೊಯ್ದು ಒಣಗಿಸುತ್ತಿದ್ದರು. ಹಸಿಯಾಗಿರುವಾಗ ಲೋಳೆಯಂತಿರುವ ಸ್ರಾವವು ಒಣಗಿದಂತೆ ಕಪ್ಪು ಕಂದು ಬಣ್ಣದ ಕಾಳುಗಳಾಗುತ್ತದೆ. ಚೀಲವನ್ನು ಒಡೆಯದೆ ಇಟ್ಟರೆ ಗಂಧವು ಬಹುಕಾಲ ನಿಲ್ಲುತ್ತದೆ. ಅದಕ್ಕಾಗಿಯೇ ವ್ಯಾಪಾರಿಗಳು ಚೀಲವನ್ನು ಇಡಿಯಾಗಿ ಕೊಳ್ಳುತ್ತಿದ್ದರು; ಅದಕ್ಕಾಗಿಯೇ ಒಳಗೆ ರಕ್ತವನ್ನೂ ಸೀಸವನ್ನೂ ತುಂಬಿ ಮೋಸ ಮಾಡುವುದೂ ನಡೆಯುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಭಾರತದಲ್ಲಿ ಸಂಚರಿಸಿದ ಫ್ರೆಂಚ್ ವರ್ತಕ ತಾವರ್ನಿಯೇ ತಾನು ಒಂದು ಪ್ರಯಾಣದಲ್ಲಿ ಪಾಟ್ನಾದಲ್ಲಿ 7,673 ಕಸ್ತೂರಿ ಚೀಲಗಳನ್ನು ಕೊಂಡುದಾಗಿ ಬರೆದಿದ್ದಾನೆ. ಒಂದು ಚೀಲವೆಂದರೆ ಒಂದು ಗಂಡುಮೃಗ. ಬೇಟೆಗಾರನ ಉರುಳಾದರೋ ಗಂಡು, ಹೆಣ್ಣು, ಮರಿ ಎಂಬ ಭೇದವನ್ನು ಅರಿಯದು. ಚೀಲವಿಲ್ಲದ ಹೆಣ್ಣೂ ಮರಿಯೂ ಅದರಲ್ಲಿ ಸಿಕ್ಕಿ ಸಾಯುತ್ತವೆ. ಒಬ್ಬ ವರ್ತಕನ ಒಂದು ಪ್ರಯಾಣದ ಲೆಕ್ಕವೇ ಇಷ್ಟೆಂದರೆ ಒಟ್ಟು ಹಿಂಸೆಯನ್ನು ಊಹಿಸಬಹುದು.

ಪುನುಗಿನ ಕ್ರಮ ಬೇರೆ. ಗಂಡು ಹೆಣ್ಣುಗಳೆರಡಕ್ಕೂ ಗುದದ ಸಮೀಪದಲ್ಲಿ ಗಂಧಗ್ರಂಥಿಯ ಚೀಲವಿದೆ. ಪ್ರಾಣಿಯು ಅದರ ಸ್ರಾವವನ್ನು ಕಲ್ಲಿಗೂ ಮರಕ್ಕೂ ಉಜ್ಜಿ ತನ್ನ ಸಂಚಾರದ ಎಲ್ಲೆಯನ್ನು ಗುರುತಿಸುತ್ತದೆ. ಮನುಷ್ಯನು ಅದನ್ನು ಬೋನಿನಲ್ಲಿಟ್ಟು, ಅದು ಮೈಯುಜ್ಜುವ ಗೂಟದಿಂದ ಸ್ರಾವವನ್ನು ಕೆರೆದು ತೆಗೆದನು. ಅಥವಾ ಪ್ರಾಣಿಯನ್ನು ಅಲುಗಾಡದಂತೆ ಹಿಡಿದು, ಕೆಲವು ದಿನಗಳಿಗೊಮ್ಮೆ ಚಮಚದಿಂದ ಚೀಲವನ್ನು ಬರಿದುಮಾಡಿದನು. ಹೊಸ ಪುನುಗು ತಿಳಿಹಳದಿ ಬಣ್ಣದ್ದು, ಬೆಣ್ಣೆಯಂತೆ ಮೆತುವಾದುದು. ಗಾಳಿ ತಾಗಿದಂತೆ ಅದು ಕಂದಾಗುತ್ತದೆ. ಗಾಢವಾಗಿರುವಾಗ ಅದರ ನಾತ ಅಸಹ್ಯ. ಎಣ್ಣೆಯಲ್ಲಿ ತೆಳುವಾದಾಗ ಅದೇ ಪರಿಮಳ. ಇಥಿಯೋಪಿಯದಲ್ಲಿ ಅದನ್ನು ದನದ ಕೊಂಬಿನಲ್ಲಿ ತುಂಬಿ, ಬಾಯಿಗೆ ತೊಗಲು ಬಿಗಿದು ಹೊರದೇಶಗಳಿಗೆ ಕಳುಹಿಸುತ್ತಿದ್ದರು. ಅಬುಲ್ ಫಜಲನ ಐನ್-ಎ-ಅಕ್ಬರಿಯು ಸುಗಂಧಗಳನ್ನು ಹೇಳುವೆಡೆ ಜಬಾದನ್ನೂ ಅದನ್ನು ತೊಳೆದು ಶುದ್ಧಿಗೊಳಿಸುವ ಕ್ರಮವನ್ನೂ ವರ್ಣಿಸುತ್ತದೆ. ತಿರುಮಲೆಯ ಸನ್ನಿಧಿಯಲ್ಲಿ ಶುಕ್ರವಾರದ ಅಭಿಷೇಕಕ್ಕೆ ಸಂಬಂಧಿಸಿದಂತೆ ಪುನುಗು ತೈಲದ ಬಳಕೆಯು ಪ್ರಸಿದ್ಧವಾಗಿದೆ.

4. ಗಂಧವೇ ಆಮಿಷ

ಸಂಸ್ಕೃತದ ಆಮಿಷ ಶಬ್ದಕ್ಕೆ ಮಾಂಸವೆಂದೂ, ಪ್ರಲೋಭನೆಗಾಗಿ ಒಡ್ಡುವ ವಸ್ತುವೆಂದೂ ಅರ್ಥವುಂಟು. ಗಂಧಗ್ರಂಥಿಯ ಇನ್ನೊಂದು ಉಪಯೋಗದಲ್ಲಿ ಈ ಎರಡು ಅರ್ಥಗಳೂ ಒಂದಾಗುತ್ತವೆ. ಒಂದು ಪ್ರಾಣಿಯ ಗ್ರಂಥಿಯನ್ನು ಕಾಪಿಟ್ಟು, ಅದೇ ಜಾತಿಯ ಮತ್ತೊಂದು ಪ್ರಾಣಿಯನ್ನು ಬೋನಿಗೆ ಸೆಳೆಯಲು ಬಳಸುವುದೇ ಆ ಉಪಯೋಗ. ಉತ್ತರ ಅಮೆರಿಕದಲ್ಲಿ ಬೀವರ್ ಎಂಬ, ನೀರಿನಲ್ಲಿ ವಾಸಿಸುವ ದಂಶಕ ಪ್ರಾಣಿಯನ್ನು ತುಪ್ಪುಳಿನ ತೊಗಲಿಗಾಗಿ ಹೀಗೆಯೇ ಹಿಡಿಯುತ್ತಿದ್ದರು. ಆ ಖಂಡವನ್ನು ದಾಟಿದ ಅನ್ವೇಷಕ ಲೂಯಿಸ್ ಎಂಬವನು 1806ರ ಜನವರಿ 7ರ ದಿನಚರಿಯಲ್ಲಿ ಈ ಆಮಿಷದ ತಯಾರಿಕೆಯನ್ನು ವಿವರಿಸಿದ್ದಾನೆ. ಬೀವರಿನ ಗಂಧಚೀಲದಿಂದ ಸ್ರಾವವನ್ನು ಹಿಂಡಿ ತೆಗೆದು, ಅದಕ್ಕೆ ಜಾಯಿಕಾಯಿ, ಲವಂಗ, ದಾಲ್ಚಿನ್ನಿಗಳ ಚೂರ್ಣವನ್ನು ಕೂಡಿಸಿ, ಮದ್ಯವನ್ನು ಬೆರೆಸಿ, ಗಾಳಿಯಾಡದ ಸೀಸೆಯಲ್ಲಿ ಮುಚ್ಚಿಡುವುದು ಅದರ ಕ್ರಮ. ತನ್ನ ಎಲ್ಲೆಯೊಳಗೆ ಅನ್ಯ ಬೀವರ್ ಬಂದಿತೆಂದು ಭ್ರಮಿಸಿ ಪ್ರಾಣಿಯು ಆ ವಾಸನೆಯನ್ನು ಅರಸಿ ಬರುತ್ತದೆ.

ಈ ಯೋಗವನ್ನು ಗಂಧಯುಕ್ತಿಯನ್ನು ಬಲ್ಲವರು ಕೂಡಲೇ ಗುರುತಿಸಬಲ್ಲರು. ಪ್ರಾಣಿಗಂಧ, ಉಷ್ಣವೀರ್ಯವಾದ ಮಸಾಲೆಗಳು, ಅವುಗಳನ್ನು ಹಿಡಿದಿಡುವ ದ್ರವ, ಮುಚ್ಚಿದ ಪಾತ್ರೆ, ಕಾಲದಿಂದ ಬರುವ ಪಾಕ ಇವೆಲ್ಲವೂ ಅಂತಃಪುರದ ಲೇಪನಕ್ಕೂ ಬೇಟೆಗಾರನ ಸೀಸೆಗೂ ಸಮಾನ. ವಿದ್ಯೆ ಒಂದೇ, ಪ್ರಯೋಜನ ಬೇರೆ. ಇಂದ್ರಿಯವಶವಾಗಿ ನಾಶಹೊಂದುವ ಪ್ರಾಣಿಗಳಿಗೆ ಜೈನ ಗ್ರಂಥಕಾರರು ಸ್ಪರ್ಶಕ್ಕೆ ಆನೆಯನ್ನೂ, ರಸಕ್ಕೆ ಮೀನನ್ನೂ, ಗಂಧಕ್ಕೆ ದುಂಬಿಯನ್ನೂ, ರೂಪಕ್ಕೆ ಪತಂಗವನ್ನೂ, ಶಬ್ದಕ್ಕೆ ಹರಿಣವನ್ನೂ ಉದಾಹರಿಸುವುದು ಪ್ರಸಿದ್ಧ. ಆನೆಯನ್ನು ಹಿಡಿಯಲು ಹೆಣ್ಣಾನೆಯನ್ನೂ, ಮೀನಿಗೆ ಗಾಳದ ತುಂಡನ್ನೂ, ಜಿಂಕೆಗೆ ಗಾನವನ್ನೂ ಒಡ್ಡುವವನು ಮನುಷ್ಯನೇ. ಘ್ರಾಣೇಂದ್ರಿಯದ ಎಡೆಯಲ್ಲಿ ದುಂಬಿಯು ತಾನಾಗಿಯೇ ತಾವರೆಯಲ್ಲಿ ಸೆರೆಯಾಗುತ್ತದೆ. ಗಂಧಗ್ರಂಥಿಯ ಆಮಿಷದಲ್ಲಾದರೋ ಆ ತಾವರೆಯ ಕೆಲಸವನ್ನೂ ಮನುಷ್ಯನು ಸಂಕಲ್ಪಪೂರ್ವಕವಾಗಿ ಮಾಡುತ್ತಾನೆ. ಆದುದರಿಂದ ಇದು ಸಂಕಲ್ಪೀ ಹಿಂಸೆಯೆಂಬುದರಲ್ಲಿ ಸಂದೇಹವಿಲ್ಲ.

5. ಶ್ರಾವಕಾಚಾರದ ನಿರ್ಣಯ

ಕಸ್ತೂರಿಯಲ್ಲಿ ವಧೆ ಸ್ಪಷ್ಟ. ಪುನುಗಿನ ವಿಷಯದಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪ್ರಾಣಿ ಸಾಯುವುದಿಲ್ಲ, ಸ್ರಾವವನ್ನು ಮಾತ್ರ ತೆಗೆಯುತ್ತಾರೆ. ಹಸುವಿನ ಹಾಲಿನಂತೆ ಇದೂ ಗ್ರಾಹ್ಯವೇಕಾಗಬಾರದು?

ಈ ಪ್ರಶ್ನೆಗೆ ನೆರವಾಗುವ ವಿಚಾರವು ಸೋಮದೇವಸೂರಿಯ ಯಶಸ್ತಿಲಕದಲ್ಲಿ, ಶಕ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ ಮುಗಿದ ಆ ಮಹಾಕಾವ್ಯದ ಉಪಾಸಕಾಧ್ಯಯನ ಭಾಗದಲ್ಲಿದೆ. ಒಂದೇ ಪ್ರಾಣಿಯ ಹಾಲು ಶುದ್ಧ, ಮಾಂಸ ಅಶುದ್ಧ; ಸರ್ಪದ ಮಣಿಯು ವಿಷಹರ, ಅದರ ವಿಷವು ಮಾರಕ; ಗೋಮಾಂಸವನ್ನು ವರ್ಜಿಸಿದವರೇ ಪ್ರತಿಷ್ಠಾದಿಗಳಲ್ಲಿ ಗೋರೋಚನವನ್ನು ಸ್ವೀಕರಿಸುತ್ತಾರೆ ಎಂದು ಅವನು ವಸ್ತುವೈಚಿತ್ರ್ಯವನ್ನು ತೋರಿಸುತ್ತಾನೆ. ಪ್ರಾಣಿಯ ಅಂಗದಿಂದ ಬಂದ ಮಾತ್ರಕ್ಕೆ ಎಲ್ಲವೂ ಒಂದೇ ಎಂದು ಹೇಳಲಾಗದೆಂಬುದು ಇದರಿಂದ ಸಿದ್ಧವಾಗುತ್ತದೆ. ಪುನುಗು ಗ್ರಾಹ್ಯವೆಂಬುದು ಮಾತ್ರ ಇಷ್ಟರಿಂದಲೇ ಸಿದ್ಧವಾಗದು. ದ್ರವ್ಯದ ಶುದ್ಧಿಯೊಂದು ಪ್ರಶ್ನೆ, ಅದನ್ನು ಪಡೆಯುವ ಕ್ರಿಯೆಯ ದೋಷವು ಇನ್ನೊಂದು ಪ್ರಶ್ನೆ.

ಎರಡನೆಯ ಪ್ರಶ್ನೆಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಉತ್ತರಿಸುತ್ತದೆ. ಅಹಿಂಸಾಣುವ್ರತಕ್ಕೆ ಅಲ್ಲಿ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಹೇಳಲಾಗಿದೆ. ಇಲ್ಲಿ ವಧವೆಂದರೆ ತಾಡನ. ಪ್ರಾಣಹರಣವಾದರೆ ಅದು ವ್ರತಭಂಗವೇ ಆಗುತ್ತದೆ. ಕೊಲ್ಲದೆ ಮಾಡುವ ಪೀಡೆಯನ್ನು ಗುರುತಿಸುವುದಕ್ಕಾಗಿಯೇ ಅತಿಚಾರಗಳ ವಿಧಾನವಿದೆ. ಪಂಡಿತ ಆಶಾಧರನು ವಿಕ್ರಮ ಸಂವತ್ 1296ರ ಸಾಗಾರಧರ್ಮಾಮೃತದ ಸ್ವೋಪಜ್ಞ ಟೀಕೆಯಲ್ಲಿ ಬಂಧವನ್ನು ಸಾಪೇಕ್ಷ, ನಿರಪೇಕ್ಷ ಎಂದು ವಿಂಗಡಿಸುತ್ತಾನೆ. ಬೆಂಕಿ ಬಿದ್ದರೆ ಬಿಡಿಸಿಕೊಳ್ಳಬಲ್ಲಂತೆ ಸಡಿಲವಾಗಿ ಕಟ್ಟುವುದು ಸಾಪೇಕ್ಷ, ನಿರ್ದಯವಾಗಿ ಬಿಗಿಯುವುದು ನಿರಪೇಕ್ಷ. ಕಟ್ಟದೆಯೇ ಉಳಿಯುವ ಪಶುಗಳನ್ನು ಸಾಕುವುದು ಶ್ರಾವಕನಿಗೆ ಮೇಲೆಂಬುದೂ ಅವನ ಆಶಯ. ಹಟ್ಟಿಯ ಹಸುವು ಸಂಜೆ ತಾನಾಗಿಯೇ ಮರಳಿ ಬರುತ್ತದೆ. ಪುನುಗಿನ ಬೆಕ್ಕು ಬೋನಿನ ಬಾಗಿಲು ತೆರೆದರೆ ಮರಳದು. ಇಷ್ಟರಿಂದಲೇ ಹಾಲಿನ ದೃಷ್ಟಾಂತವು ಇಲ್ಲಿ ಸಲ್ಲದೆಂಬುದು ತಿಳಿಯುತ್ತದೆ.

ಆಶಾಧರನು ಖರಕರ್ಮಗಳೆಂದು ಇತರರು ಎಣಿಸಿದ 15 ವೃತ್ತಿಗಳನ್ನೂ ಉಲ್ಲೇಖಿಸುತ್ತಾನೆ. ಲೋಕದಲ್ಲಿ ಸಾವದ್ಯಕರ್ಮಗಳು ಅಸಂಖ್ಯವಾದುದರಿಂದ ಇಂಥ ಎಣಿಕೆಯು ಸಮಂಜಸವಲ್ಲ, ಮಂದಮತಿಗಳಿಗಾಗಿಯಾದರೆ ಹೇಳಬಹುದು ಎಂಬುದು ಅವನ ಮತ. ಆ ಪಟ್ಟಿಯ ಎರಡು ವೃತ್ತಿಗಳು ಪ್ರಕೃತಕ್ಕೆ ಸಂಬಂಧಿಸಿವೆ. ಒಂದು ಅಸತೀಪೋಷ, ಇದರಲ್ಲಿ ಪ್ರಾಣಿಘ್ನವಾದ ಪ್ರಾಣಿಗಳ ಪೋಷಣೆಯೂ ಸೇರುತ್ತದೆ. ಬೆಕ್ಕಿನಂತೆ ಸಣ್ಣ ಪ್ರಾಣಿಗಳನ್ನು ತಿನ್ನುವ ಪುನುಗಿನ ಬೆಕ್ಕನ್ನು ಲಾಭಕ್ಕಾಗಿ ಸಾಕುವವನು ಅದರ ಆಹಾರಕ್ಕಾಗಿ ಆಗುವ ಹಿಂಸೆಗೂ ಹೊಣೆಗಾರನಾಗುತ್ತಾನೆ. ಇನ್ನೊಂದು ದಂತವಾಣಿಜ್ಯ. ಪ್ರಾಣಿಗಳ ದಂತಾದಿ ಅವಯವಗಳಿಗಾಗಿ ಉತ್ಪತ್ತಿಸ್ಥಾನದಲ್ಲಿಯೇ ಪುಲಿಂದಾದಿಗಳಿಗೆ ಹಣ ಕೊಟ್ಟರೆ, ಅವರು ಆ ಹಣಕ್ಕಾಗಿ ಪ್ರಾಣಿಗಳನ್ನು ಕೊಲ್ಲುತ್ತಾರೆಂಬುದು ಅಲ್ಲಿನ ಕಾರಣ. ಆಕರವಲ್ಲದೆಡೆಯ ಕ್ರಯವಿಕ್ರಯದಲ್ಲಿ ಆ ದೋಷವನ್ನು ಎಣಿಸಿಲ್ಲ.

ತುಳುನಾಡಿನ ಭೇದದ ಮಹತ್ತ್ವ ಇಲ್ಲಿದೆ. ಮೂಡುಬಿದಿರೆಯ ಅಂಗಡಿಯಲ್ಲಿ ಕಸ್ತೂರಿಯನ್ನು ಕೊಂಡವನು ತಾನು ಆಕರದಿಂದ ದೂರವಿದ್ದೇನೆಂದು ಸಮಾಧಾನ ಹೇಳಿಕೊಳ್ಳಬಹುದಾಗಿತ್ತು. ಬಂಟ್ವಾಳ, ಬೆಳ್ತಂಗಡಿಗಳ ಕಾಡಂಚಿನಲ್ಲಿ ಪುನುಗನ್ನು ಕೊಳ್ಳುವವನಿಗೆ ಆ ಸಮಾಧಾನವೂ ಇಲ್ಲ. ಅವನು ನಿಂತಿರುವುದೇ ಆಕರದಲ್ಲಿ. ಮೇಲಾಗಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಆಸ್ರವವಾಗುವುದೆಂಬ ಸಿದ್ಧಾಂತವನ್ನು ಮುಂದಿಟ್ಟರೆ ಆಕರ, ಅನಾಕರಗಳ ಭೇದವು ದೋಷದ ತಾರತಮ್ಯವನ್ನು ಹೇಳಬಹುದೇ ಹೊರತು ದೋಷವನ್ನೇ ಅಳಿಸಲಾರದು. ಕೊಳ್ಳುವವನಿಲ್ಲದೆ ಹಿಮಾಲಯದಲ್ಲಿ ಉರುಳು ಬೀಳುವುದಿಲ್ಲ.

6. ಪರ್ಯಾಯಗಳು

ಜೈನ ಶಾಸ್ತ್ರಕಾರರು ನಿಷೇಧಿಸಿ ಸುಮ್ಮನಾದವರಲ್ಲ. ಉಗ್ರಾದಿತ್ಯಾಚಾರ್ಯನು ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧುಗಳನ್ನು ತೊರೆದು ವೈದ್ಯಶಾಸ್ತ್ರವನ್ನು ನಿರೂಪಿಸಿದನು. ಮಾಂಸದ ನಿರರ್ಥಕತೆಯನ್ನು ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದನು. 1940ರಲ್ಲಿ ಸೊಲ್ಲಾಪುರದಿಂದ ಆ ಗ್ರಂಥವು ಪ್ರಕಟವಾಯಿತು. ಒಂದು ಶಾಸ್ತ್ರವನ್ನು ಅಹಿಂಸೆಯ ಮೇರೆಯೊಳಗೆ ಮತ್ತೆ ಕಟ್ಟಲು ಸಾಧ್ಯವೆಂಬುದಕ್ಕೆ ಅದು ಪ್ರಮಾಣ. ಗಂಧಯುಕ್ತಿಯಲ್ಲಿಯೂ ಇದು ಅಸಾಧ್ಯವಲ್ಲ. ಲತಾಕಸ್ತೂರಿಯ ಬೀಜದಲ್ಲಿ ಕಸ್ತೂರಿಯನ್ನು ಹೋಲುವ ಗಂಧವು ಸ್ವಭಾವತಃ ಇದೆ. ಆಧುನಿಕ ರಸಾಯನಶಾಸ್ತ್ರವು ಈ ಸಾದೃಶ್ಯದ ಕಾರಣವನ್ನೂ ತೋರಿಸಿತು. ಕಸ್ತೂರಿಯ ಮತ್ತು ಪುನುಗಿನ ಗಂಧತತ್ತ್ವಗಳು ದೊಡ್ಡ ಉಂಗುರಾಕಾರದ ಅಣುಗಳೆಂದು ಸ್ವಿಟ್ಜರ್ಲೆಂಡಿನ ರೂಜಿಚ್ಕಾ 1926ರಲ್ಲಿ ನಿರೂಪಿಸಿದನು. 1939ರ ನೊಬೆಲ್ ಬಹುಮಾನದಲ್ಲಿ ಅವನಿಗೆ ಪಾಲು ದೊರೆಯಿತು. ಲತಾಕಸ್ತೂರಿಯ ಬೀಜದ ಗಂಧತತ್ತ್ವವೂ ಅಂಥದೇ ದೊಡ್ಡ ಉಂಗುರದ ಅಣು. ಅಂದಿನಿಂದ ಪ್ರಾಣಿಯನ್ನು ಮುಟ್ಟದೆಯೇ ಈ ಗಂಧಗಳನ್ನು ತಯಾರಿಸುವ ದಾರಿ ತೆರೆಯಿತು. ಹೀಗಿರುವಲ್ಲಿ ಅನಿವಾರ್ಯತೆಯ ನೆಪವೂ ಉಳಿಯದು.

ಇತ್ತ ಪ್ರಾಣಿಗಳ ಸ್ಥಿತಿ ಶೋಚನೀಯವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಸ್ತೂರಿಮೃಗಕ್ಕೂ ಪುನುಗಿನ ಬೆಕ್ಕುಗಳಿಗೂ ರಕ್ಷಣೆ ನೀಡಿದೆ. ಮಲಬಾರಿನ ಪುನುಗಿನ ಬೆಕ್ಕಿನ ಚರ್ಮಗಳು 1987ರಲ್ಲಿ ಕೇರಳದ ನೀಲಂಬೂರಿನ ಪರಿಸರದಲ್ಲಿ ದೊರೆತುದು ಅದರ ವಿಷಯದ ಕೊನೆಯ ಸುಳಿವುಗಳಲ್ಲಿ ಒಂದು. ಆ ಪ್ರಾಣಿಯು ಈ ಕರಾವಳಿಯದೇ ಅಥವಾ ಪುನುಗಿನ ವ್ಯಾಪಾರಕ್ಕಾಗಿ ಹೊರಗಿನಿಂದ ತಂದುದೇ ಎಂಬ ಸಂದೇಹವನ್ನು ಆರ್. ನಂದಿನಿ ಮತ್ತು ದಿವ್ಯಾ ಮುದ್ದಪ್ಪ ಎಂಬ ವಿಜ್ಞಾನಿಗಳು 2010ರ ಸಮೀಕ್ಷೆಯೊಂದರಲ್ಲಿ ಎತ್ತಿದ್ದಾರೆ. ಆ ಪ್ರಶ್ನೆಯ ಉತ್ತರವೇನೇ ಇರಲಿ, ಸಣ್ಣ ಪುನುಗಿನ ಬೆಕ್ಕಿಗೆ ಈ ನೆಲವು ಆಕರವೆಂಬ ಮಾತಿಗೆ ಬಾಧೆಯಿಲ್ಲ. ವ್ಯಾಪಾರವು ಒಂದು ಪ್ರಾಣಿಯ ಮೂಲಸ್ಥಾನವನ್ನೇ ತಿಳಿಯದಂತೆ ಮಾಡಿತೆಂದರೆ ಅದರ ಪ್ರಭಾವ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

7. ಸಂಪಾದಕನ ಹೊಣೆ

ಇನ್ನು ಉಳಿದ ಪ್ರಶ್ನೆ ಒಂದು. ಪ್ರಾಣಿಗಂಧದ ಯೋಗಗಳಿರುವ ಓಲೆಗರಿಗಳನ್ನು ಅಚ್ಚು ಹಾಕಿಸುವುದು ಯುಕ್ತವೇ? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಪಾಪೋಪದೇಶವೂ ಹಿಂಸಾದಾನವೂ ಸೇರಿವೆ. ಬೋನು, ಉರುಳುಗಳ ಉಪಾಯವನ್ನು ಕಲಿಸುವುದು ಪಾಪೋಪದೇಶವಾದರೆ ಅಂಥ ಯೋಗವನ್ನು ಪ್ರಕಟಿಸುವುದೂ ಆಗಲಾರದೇ?

ಯೋಗವನ್ನು ಬಿಟ್ಟು ಅಚ್ಚು ಹಾಕಿಸುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ಗ್ರಂಥವು ಖಂಡಿತವಾಗುತ್ತದೆ, ಇತಿಹಾಸವು ಸುಳ್ಳಾಗುತ್ತದೆ. ಜೈನ ಭಂಡಾರಗಳಲ್ಲಿ ಅನ್ಯದರ್ಶನಗಳ ಗ್ರಂಥಗಳೂ ಲೌಕಿಕಶಾಸ್ತ್ರಗಳೂ ಉಳಿದು ಬಂದಿವೆ. ಒಪ್ಪದ ಮಾತನ್ನೂ ಅಕ್ಷರಶಃ ನಕಲುಮಾಡಿದ ಲಿಪಿಕಾರರ ನಿಷ್ಠೆಯೇ ಅದಕ್ಕೆ ಕಾರಣ. ಪಾಠವನ್ನು ಪೂರ್ಣವಾಗಿ ಕೊಟ್ಟು, ದ್ರವ್ಯನಿರ್ಣಯವನ್ನು ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಿ, ಸಸ್ಯಜನ್ಯ ಯಾವುದು, ಪ್ರಾಣಿಜನ್ಯ ಯಾವುದು, ಶ್ರಾವಕಾಚಾರದ ನಿರ್ಣಯವೇನು, ಪರ್ಯಾಯವೇನು ಎಂಬುದನ್ನು ತಿಳಿಸುವುದು ಯುಕ್ತವಾದ ಮಾರ್ಗ. ಉಪದೇಶಕ್ಕೂ ನಿರೂಪಣೆಗೂ ಇರುವ ಅಂತರವು ಆಶಯದಲ್ಲಿದೆ. ಟಿಪ್ಪಣಿಯಿಲ್ಲದೆ ಯೋಗವನ್ನು ಮಾತ್ರ ಬಿಡಿಯಾಗಿ ಪ್ರಕಟಿಸಿ, ಮನೆಮದ್ದೆಂದು ಪ್ರಚಾರ ಮಾಡಿದರೆ ಮಾತ್ರ ಅದು ಪಾಪೋಪದೇಶದ ಸಮೀಪಕ್ಕೆ ಬರುತ್ತದೆ.

ಓಲೆಗರಿಯ ಕಟ್ಟುಗಳನ್ನು ಕಾಪಾಡುವ ಕ್ರಮವನ್ನು ನೋಡಿದರೆ ಗಂಧಕ್ಕೆ ಇನ್ನೊಂದು ಪ್ರಯೋಜನವಿರುವುದು ಕಾಣುತ್ತದೆ. ಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರುತ್ತಾರೆ. ಅದರಿಂದ ಗರಿ ಮೃದುವಾಗುತ್ತದೆ. ಅದರ ಘಾಟಿಗೆ ಹುಳುಗಳು ಸಮೀಪಕ್ಕೆ ಬರುವುದಿಲ್ಲ. ಬಂದ ಜೀವವನ್ನು ಕೊಲ್ಲುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಲೇಸೆಂಬ ಯತ್ನಾಚಾರಕ್ಕೆ ಇದು ಹೊಂದುತ್ತದೆ. ಜೀವವನ್ನು ಸೆಳೆದು ಸೆರೆಹಿಡಿಯಲು ಗಂಧವನ್ನು ಬಳಸಿದ ಯೋಗಗಳು ಇಂದಿಗೂ ಓದಲು ಸಿಗುವುದು, ಜೀವವನ್ನು ದೂರವಿರಿಸಿದ ಗಂಧದಿಂದ ಉಳಿದ ಗರಿಗಳಲ್ಲಿ. ಅವುಗಳ ಪಾಠವನ್ನು ಶುದ್ಧವಾಗಿ ಓದುವ ಕಾರ್ಯವು ಇನ್ನೂ ಬಹಳ ಉಳಿದಿದೆ. ವೈದ್ಯ ಮತ್ತು ಗಂಧಶಾಸ್ತ್ರದ ಬಿಡಿ ಕಟ್ಟುಗಳನ್ನು ಪರಿಶೀಲಿಸುವ ವಿದ್ವಾಂಸರು ಕಸ್ತೂರಿ ಶಬ್ದ ಬಂದೆಡೆಯಲ್ಲೆಲ್ಲ ಅದರ ಹಿಂದುಮುಂದಿನ ಅಕ್ಷರಗಳನ್ನು ಮತ್ತೊಮ್ಮೆ ನೋಡಿ ನಿರ್ಣಯಿಸಬೇಕಾಗಿದೆ.